ನಿಮಗಿದು ಗೊತ್ತೇ? ಮೈಸೂರಿನವರ ಮಾತು ಲೋಕಕ್ಕೆ ಪಾಠವಾಯಿತು!

ಧನಕವಡಿಯ ಕನ್ನಡಿಗರೇ, ಒಂದು ನಿಮಿಷ! ನೀವು ದಿನಾ ಓಡಾಡುವ ಪುಣೆ–ಸಾತಾರಾ ರಸ್ತೆ ಕಾತ್ರಜ್ ದಾಟಿ, ಕೊಲ್ಹಾಪುರ ಹಿಂದೆ ಹಾಕಿ, ಬೆಳಗಾವಿ, ಹುಬ್ಬಳ್ಳಿ ಮೇಲೆ ಬೆಂಗಳೂರು ಮುಟ್ಟುತ್ತದೆ. ಅದು ನಿಮಗೆ ಗೊತ್ತು. ಆದರೆ ಮನುಷ್ಯರು ಒಬ್ಬರನ್ನೊಬ್ಬರು ಹೇಗೆ ತೂಗುತ್ತಾರೆ, ಯಾಕೆ ನೆರವಾಗುತ್ತಾರೆ, ಯಾಕೆ ಹೆದರುತ್ತಾರೆ ಎಂದು ತಿಳಿಯಲು ದೂರದ ದೇಶಗಳ ಮನೋವಿಜ್ಞಾನಿಗಳು ನಮ್ಮ ಕಡೆಯ ಊರುಗಳಿಗೇ ಬಂದರು. ನಮ್ಮವರ ಜೊತೆ ಕೂತು ಕೆಲಸ ಮಾಡಿದರು. ಪಠ್ಯಪುಸ್ತಕಗಳನ್ನೇ ತಿದ್ದಿದರು! ಇದು ಗೊತ್ತೇ?

ಮೈಸೂರಿನಿಂದಲೇ ಶುರು ಮಾಡೋಣ. ಅಮೆರಿಕದ ಜೋನ್ ಮಿಲ್ಲರ್ ಎಂಬ ಸಂಶೋಧಕಿ ಶಿಕಾಗೊದವರಿಗೂ ಮೈಸೂರಿನವರಿಗೂ ಒಂದೇ ಪ್ರಶ್ನೆ ಹಾಕಿದರು. ನಿಮಗೆ ಗೊತ್ತಿರುವ ಯಾರಾದರೂ ಮಾಡಿದ ಒಳ್ಳೆಯ ಕೆಲಸ ಹೇಳಿ, ಕೆಟ್ಟ ಕೆಲಸ ಹೇಳಿ. ಅವರು ಹಾಗೆ ಯಾಕೆ ಮಾಡಿದರು? ಇಷ್ಟೇ! ಶಿಕಾಗೊದವರು ಹೆಚ್ಚಾಗಿ ಸ್ವಭಾವವನ್ನೇ ಎತ್ತಿದರು: ಅವನು ಜಂಬದವನು, ಅವಳು ಉದಾರಿ. ಮೈಸೂರಿನವರು ಸಂದರ್ಭವನ್ನು ಎತ್ತಿದರು: ಆಗ ಮನೆಯಲ್ಲಿ ಕಷ್ಟವಿತ್ತು, ಅವನ ಕೆಲಸವೇ ಅಂಥದು, ಎದುರಿಗಿದ್ದವರು ಹಿರಿಯರು.

ವ್ಯತ್ಯಾಸ ಎಷ್ಟು ಗೊತ್ತೇ? ಅಮೆರಿಕದ ದೊಡ್ಡವರ ವಿವರಣೆಗಳಲ್ಲಿ ಸುಮಾರು ಶೇ. 40 ಸ್ವಭಾವದ ಮಾತು. ಮೈಸೂರಿನ ಹಿಂದೂ ದೊಡ್ಡವರಲ್ಲಿ ಅದು ಶೇ. 20ಕ್ಕೂ ಕಡಿಮೆ. ಅರ್ಧಕ್ಕರ್ಧ!

ಇನ್ನೂ ಅಚ್ಚರಿ ಬೇಕೇ? ಎಂಟು ವರ್ಷದ ಮಕ್ಕಳನ್ನು ಕೇಳಿದಾಗ ಎರಡೂ ಊರಿನ ಮಕ್ಕಳು ಹೆಚ್ಚುಕಡಿಮೆ ಒಂದೇ ಥರ ಮಾತಾಡಿದರು! ಹನ್ನೊಂದು, ಹದಿನೈದು ಎಂದು ವಯಸ್ಸು ಏರಿದ ಹಾಗೆ ದಾರಿ ಬೇರೆಯಾಯಿತು. ಅಲ್ಲಿನ ಮಕ್ಕಳು ಸ್ವಭಾವದ ಕಡೆ ತಿರುಗಿದರು, ನಮ್ಮ ಮಕ್ಕಳು ಸಂದರ್ಭದ ಕಡೆ. ಅಂದರೆ ಇದು ಹುಟ್ಟುಗುಣವಲ್ಲ. ಮನೆ, ಬೀದಿ, ನೆಂಟರ ಮಾತು ಕೇಳಿ ಕೇಳಿ ಕಲಿತದ್ದು!

ಭಾರತದಲ್ಲೇ ಇರುವ ಆಂಗ್ಲೋ-ಇಂಡಿಯನ್ನರನ್ನೂ ಮಿಲ್ಲರ್ ಕೇಳಿದರು. ಅವರ ಉತ್ತರ ಎಲ್ಲಿ ನಿಂತಿತು ಹೇಳಿ ನೋಡೋಣ? ಸರಿಯಾಗಿ ನಡುವೆ! ಅತ್ತ ಶಿಕಾಗೊ, ಇತ್ತ ಮೈಸೂರು, ಮಧ್ಯದಲ್ಲಿ ಅವರು.

ಈ ಅಧ್ಯಯನದ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಒಬ್ಬ ವಕೀಲರು ಮೋಟಾರ್ ಸೈಕಲ್ಲಿನಲ್ಲಿ ಕೋರ್ಟಿಗೆ ಹೊರಟಿದ್ದರು, ಹಿಂದೆ ಇನ್ನೊಬ್ಬರು ಕೂತಿದ್ದರು. ಟೈರು ಒಡೆಯಿತು. ಹಿಂದೆ ಕೂತವರ ತಲೆಗೆ ಪೆಟ್ಟಾಯಿತು. ವಕೀಲರು ಅವರನ್ನು ಆಸ್ಪತ್ರೆಗೆ ಸೇರಿಸಿದರು, ಪೆಟ್ಟು ಎಷ್ಟು ಜೋರು ಎಂದು ಡಾಕ್ಟರನ್ನು ಕೇಳದೆ ಕೋರ್ಟಿಗೆ ಹೋದರು. ಗಾಯಾಳು ಆಮೇಲೆ ತೀರಿಕೊಂಡರು. ಇದನ್ನು ಹೇಳಿದವರು ಭಾರತದವರೇ. ಅವರು ಕೊಟ್ಟ ಕಾರಣ ಏನು? ವಕೀಲರಾಗಿ ಕಕ್ಷಿದಾರರ ಪರ ಕೋರ್ಟಿನಲ್ಲಿರುವುದು ಅವರ ಕರ್ತವ್ಯ, ಗಾಬರಿಯೂ ಆಗಿರಬೇಕು, ಗಾಯ ಅಷ್ಟು ದೊಡ್ಡದಾಗಿ ಕಂಡಿರಲಿಕ್ಕಿಲ್ಲ. ಇದೇ ಕಥೆ ಕೇಳಿದ ಅಮೆರಿಕದವರು? ಬೇಜವಾಬ್ದಾರಿ ಮನುಷ್ಯ ಎಂದುಬಿಟ್ಟರು! ಕಥೆ ಒಂದೇ, ತೀರ್ಪು ಎರಡು!

ಇದು ಯಾಕೆ ದೊಡ್ಡ ಸುದ್ದಿ ಅನ್ನುತ್ತೀರಾ? 1977ರಲ್ಲಿ ಲೀ ರಾಸ್ ಎಂಬ ಅಮೆರಿಕದ ಮನೋವಿಜ್ಞಾನಿ ಒಂದು ವಿಷಯಕ್ಕೆ ಹೆಸರಿಟ್ಟಿದ್ದರು. ಮನುಷ್ಯರು ಸಂದರ್ಭ ಮರೆತು ಎಲ್ಲಕ್ಕೂ ಸ್ವಭಾವವನ್ನೇ ಕಾರಣ ಮಾಡುತ್ತಾರೆ, ಇದು ಮೂಲಭೂತ ತಪ್ಪು ಎಂದು. ಮೂಲಭೂತ ಅಂದರೆ ಎಲ್ಲರಲ್ಲೂ ಇರಬೇಕಲ್ಲ? ಏಳೇ ವರ್ಷ! 1984ರಲ್ಲಿ ಮಿಲ್ಲರ್ ಅವರ ಬರಹ ಅಚ್ಚಾಯಿತು. ಮೈಸೂರಿನ ಮಂದಿ ಆ ಅಳತೆಗೆ ಅಷ್ಟು ಸುಲಭವಾಗಿ ಸಿಗಲಿಲ್ಲ. ಈಗ ಸಂಸ್ಕೃತಿ ಮತ್ತು ಮನಸ್ಸಿನ ಬಗ್ಗೆ ಪಾಠ ಮಾಡುವ ಕಡೆಯಲ್ಲೆಲ್ಲ ನಮ್ಮ ಮೈಸೂರಿನ ಹೆಸರು ಬರುತ್ತದೆ!

ಮಿಲ್ಲರ್ ಅಷ್ಟಕ್ಕೇ ಬಿಡಲಿಲ್ಲ. 1990ರಲ್ಲಿ ಇಬ್ಬರು ಜೊತೆಗಾರರೊಂದಿಗೆ ಮತ್ತೆ ಮೈಸೂರು, ಈ ಸಲ ಅಮೆರಿಕದ ನ್ಯೂ ಹೇವನ್ ಜೊತೆ ಹೋಲಿಕೆ. ಸಣ್ಣಪುಟ್ಟ ಕಷ್ಟದಲ್ಲಿರುವ ಅಪರಿಚಿತರಿಗೆ ನೆರವಾಗದಿದ್ದರೆ ಅದು ತಪ್ಪೇ? ಅಮೆರಿಕದವರು ಹೇಳಿದರು: ಪ್ರಾಣಕ್ಕೆ ಬಂದಿದ್ದರೆ ಹೌದು, ಮಿಕ್ಕಂತೆ ಅದು ಅವರವರ ಇಷ್ಟ. ಮೈಸೂರಿನವರು? ಸಣ್ಣ ಕಷ್ಟವಾದರೂ ಸರಿ, ಅಪರಿಚಿತರಾದರೂ ಸರಿ, ನೆರವಾಗುವುದು ಕರ್ತವ್ಯ ಎಂದರು!

1992ರಲ್ಲಿ ಇನ್ನೊಂದು ಇಕ್ಕಟ್ಟಿನ ಕಥೆ. ಗೆಳೆಯನ ಮದುವೆ. ಉಂಗುರ ನಿಮ್ಮ ಕೈಯಲ್ಲಿದೆ. ಪರ್ಸು ಕಳುವಾಗಿದೆ. ರೈಲು ಟಿಕೆಟ್ಟಿಗೆ ದುಡ್ಡಿಲ್ಲ. ಬೇರೆಯವರ ಕೋಟಿನಲ್ಲಿ ಟಿಕೆಟ್ ಕಾಣುತ್ತಿದೆ! ಕದಿಯಬೇಕೇ, ಮದುವೆ ತಪ್ಪಿಸಬೇಕೇ? ಅಮೆರಿಕದ ಹೆಚ್ಚಿನವರು ಕದಿಯಬಾರದು ಎಂದರು. ಮೈಸೂರಿನ ಹೆಚ್ಚಿನವರು ಹೇಗಾದರೂ ಮಾಡಿ ಉಂಗುರ ಮುಟ್ಟಿಸಲೇಬೇಕು ಎಂದರು! ಕಳ್ಳತನ ಸರಿ ಎಂದು ಅವರು ಹೇಳಲಿಲ್ಲ, ನೆನಪಿಡಿ. ಗೆಳೆಯನಿಗೆ ಕೊಟ್ಟ ಮಾತು ಅದಕ್ಕಿಂತ ದೊಡ್ಡದು ಎಂದರು.

ಕರ್ತವ್ಯ ಅಂದರೆ ಹೊರೆ ಅಂದುಕೊಂಡಿರಾ? ಮಿಲ್ಲರ್ ಇಬ್ಬರು ಭಾರತೀಯ ಸಂಶೋಧಕಿಯರ ಜೊತೆ ಸೇರಿ 2011ರಲ್ಲಿ ಅದನ್ನೂ ಅಳೆದರು. ಮಾಡಲೇಬೇಕು ಎಂಬ ನಿರೀಕ್ಷೆ ಇದ್ದಾಗ ನೆರವಾಗುವುದು ಅಮೆರಿಕದವರಿಗೆ ಅಷ್ಟಾಗಿ ತೃಪ್ತಿ ಕೊಡಲಿಲ್ಲ. ಭಾರತದವರಿಗೆ? ನಿರೀಕ್ಷೆ ಇದ್ದರೂ ಇಲ್ಲದಿದ್ದರೂ ಅಷ್ಟೇ ಖುಷಿ!

ಈಗ ಅದೇ ಮೈಸೂರಿನ ಹಳೆಯ ಪುಟ ತೆಗೆಯಿರಿ. ಭಾರತದ ಮೊದಲ ಮನೋವಿಜ್ಞಾನ ವಿಭಾಗ ಕಲ್ಕತ್ತೆಯಲ್ಲಿ 1916ರಲ್ಲಿ ತೆರೆಯಿತು. ಅದನ್ನು ಕಟ್ಟಿದ ಎನ್. ಎನ್. ಸೇನ್‌ಗುಪ್ತ ಹಾರ್ವರ್ಡಿನಲ್ಲಿ ಓದಿ ಬಂದವರು. ಆಮೇಲೆ? ಮೈಸೂರು, 1924! ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಅವರ ಗುರು ಯಾರು? ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್, ಬುದ್ಧಿಶಕ್ತಿಯ ಹಿಂದೆ ಒಂದೇ ಸಾಮಾನ್ಯ ಅಂಶ ಇದೆ ಎಂದು ಲೆಕ್ಕ ಹಾಕಿ ತೋರಿಸಿದವರು!

ಇದೇ ಗೋಪಾಲಸ್ವಾಮಿ ಇನ್ನೊಂದು ಕೆಲಸ ಮಾಡಿದರು. ಕೇಳಿದರೆ ಕುರ್ಚಿಯಿಂದ ಎದ್ದುಬಿಡುತ್ತೀರಿ! 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. ಹೆಸರು? ಆಕಾಶವಾಣಿ! ಆ ಹೆಸರು ಸೂಚಿಸಿದವರು ಸಾಹಿತಿ ನಾ. ಕಸ್ತೂರಿ ಎಂದು ಹೇಳುತ್ತಾರೆ. ಮುಂದೆ ಆಲ್ ಇಂಡಿಯಾ ರೇಡಿಯೊ ಕೂಡ ಅದೇ ಹೆಸರು ಇಟ್ಟುಕೊಂಡಿತು. ದೇಶವೆಲ್ಲ ಕೇಳುವ ಆ ಹೆಸರು ಒಬ್ಬ ಮನೋವಿಜ್ಞಾನ ಮೇಷ್ಟ್ರ ಮನೆಯಿಂದ ಹೊರಟದ್ದು!

ಕನ್ನಡ–ಮರಾಠಿ ಎರಡೂ ಬಲ್ಲ ಧನಕವಡಿಯವರಿಗೆ ಇದು ವಿಶೇಷ. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ 1905ರಲ್ಲಿ ಮಕ್ಕಳ ಬುದ್ಧಿ ಅಳೆಯುವ ಪರೀಕ್ಷೆ ಮಾಡಿದರು. ಅದು ಅಮೆರಿಕಕ್ಕೆ ಹೋಗಿ ಸ್ಟ್ಯಾನ್‌ಫರ್ಡಿನಲ್ಲಿ ಹೊಸ ರೂಪ ಪಡೆಯಿತು. ಅಲ್ಲಿಂದ ನಮ್ಮ ಉತ್ತರ ಕರ್ನಾಟಕಕ್ಕೆ! ವಿ. ವಿ. ಕಾಮತ್ ಅದನ್ನು ಕನ್ನಡ ಮತ್ತು ಮರಾಠಿ ಎರಡೂ ಮಕ್ಕಳಿಗೆ ಒಪ್ಪುವಂತೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂದೇ ಹೆಸರು. ಇವತ್ತಿಗೂ ಮಕ್ಕಳ ಮನೋವೈದ್ಯಕೀಯ ಕೇಂದ್ರಗಳಲ್ಲಿ ಅದು ಬಳಕೆಯಲ್ಲಿದೆ!

ಈಗ ಕರಾವಳಿ. ಕೋಟ ಅಂದ ಕೂಡಲೇ ಶಿವರಾಮ ಕಾರಂತರ ಹುಟ್ಟೂರು ಎನ್ನುತ್ತೀರಿ. ಆದರೆ 1976ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಪುಸ್ತಕದ ಹೆಸರಲ್ಲೇ ಕೋಟ ಇದೆ ಎಂದು ಗೊತ್ತೇ? ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’! ಬರೆದವರು ಎಡಿನ್‌ಬರೊದ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ನಮ್ಮ ಆರ್. ಎಲ್. ಕಪೂರ್. ಊರು ಬದಲಾಗುವಾಗ ಜನರ ಮನಸ್ಸಿನ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಎಂಬುದೇ ಅವರ ಪ್ರಶ್ನೆ.

ಕೋಟವೇ ಯಾಕೆ? ಇಲ್ಲೇ ಇದೆ ಸ್ವಾರಸ್ಯ! ಒಂದೇ ಊರಿನಲ್ಲಿ ಮೂರು ಸಮುದಾಯ. ಬ್ರಾಹ್ಮಣರಲ್ಲಿ ತಂದೆಯಿಂದ ಮಗನಿಗೆ ಆಸ್ತಿ. ಬಂಟರಲ್ಲಿ, ಮೊಗೇರರಲ್ಲಿ ಅಳಿಯಕಟ್ಟು, ತಾಯಿಯ ಕಡೆಯಿಂದ ವಂಶ. ಆ ಅಳಿಯಕಟ್ಟು ಆಗ ಸಡಿಲವಾಗುತ್ತಿತ್ತು. ಗಂಡ, ಹೆಂಡತಿ, ಮಕ್ಕಳ ಮನೆ ಬೇರೆಯಾಗುತ್ತಿತ್ತು. ಮನೆಯ ಕಟ್ಟು ಬದಲಾದರೆ ಮನಸ್ಸೂ ಅಲುಗುತ್ತದೆಯೇ? ಇದನ್ನು ನೋಡಲು ಇಷ್ಟು ಹತ್ತಿರ ಹತ್ತಿರ ಮೂರು ಬಗೆಯ ಮನೆಗಳು ಬೇರೆಲ್ಲಿ ಸಿಗಬೇಕು!

ಲಂಡನ್ನಿನ ಪ್ರಶ್ನಾವಳಿ ತಂದು ಕೋಟದವರ ಮುಂದೆ ಹಿಡಿದರೆ ಕೆಲಸ ನಡೆಯುತ್ತದೆಯೇ? ಇಲ್ಲ! ಅದಕ್ಕೇ ನಮ್ಮ ಜನರ ಮಾತಿಗೆ, ನಮ್ಮ ಜನ ಕಷ್ಟ ತೋಡಿಕೊಳ್ಳುವ ರೀತಿಗೆ ಹೊಂದುವ ಹೊಸ ಸಂದರ್ಶನ ಪಟ್ಟಿಯನ್ನೇ ಅವರು ಮಾಡಿದರು. ನನ್ನ ಕೇಳಿದರೆ ಆ ಪಟ್ಟಿಯೇ ಈ ಅಧ್ಯಯನದ ದೊಡ್ಡ ಗೆಲುವು.

ಮನಸ್ಸಿಗೆ ಕಷ್ಟವಾದಾಗ ಕೋಟದವರು ಎಲ್ಲಿಗೆ ಹೋಗುತ್ತಿದ್ದರು? ನಾಟಿ ವೈದ್ಯರ ಬಳಿ, ಮಂತ್ರವಾದಿಯ ಬಳಿ, ದೈವ ಮೈಮೇಲೆ ಬರುವ ಪಾತ್ರಿಯ ಬಳಿ. ಡಾಕ್ಟರ ಬಳಿಗೂ! ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು ಎಂದು ಅವರಿಗೆ ಅನ್ನಿಸಲೇ ಇಲ್ಲ. ಕಪೂರ್ ಇವರೆಲ್ಲರನ್ನೂ ಗೌರವದಿಂದ ಅಭ್ಯಾಸ ಮಾಡಿದರು. ಹಳ್ಳಿಗಳ ಮಾನಸಿಕ ಆರೋಗ್ಯಕ್ಕೆ ಮುಂದೆ ಏನು ಮಾಡಬೇಕು ಎಂಬ ಯೋಚನೆಗೆ ಅದನ್ನೇ ಬುನಾದಿ ಮಾಡಿದರು!

ತಾಯಿಯ ಕಡೆಯ ವಂಶ ಅಂದಕೂಡಲೇ ಮೇಘಾಲಯದ ಖಾಸಿಗಳು ನೆನಪಾಗುತ್ತಾರೆ. ಅಮೆರಿಕದ ಮೂವರು ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನೋಡಿ. ಬಕೆಟ್ಟಿಗೆ ಚೆಂಡು ಎಸೆಯುವ ಆಟ. ಒಬ್ಬರೇ ಆಡಿ ಗುರಿಗೆ ಇಷ್ಟು ಎಂದು ಹಣ ತಗೊಳ್ಳುತ್ತೀರಾ, ಪೈಪೋಟಿಗೆ ಇಳಿಯುತ್ತೀರಾ? ತಾಂಜಾನಿಯದ ಮಸಾಯಿ ಗಂಡಸರಲ್ಲಿ ಶೇ. 50 ಮಂದಿ ಪೈಪೋಟಿಗೆ ಇಳಿದರು, ಹೆಂಗಸರಲ್ಲಿ ಶೇ. 26. ಖಾಸಿಗಳಲ್ಲಿ? ಗಂಡಸರು ಶೇ. 39, ಹೆಂಗಸರು ಶೇ. 54! ಎಲ್ಲರಿಗಿಂತ ಮುಂದೆ ಖಾಸಿ ಹೆಂಗಸರು!

ಸರಿ, ಪುಣೆಗೆ ಬನ್ನಿ. ಇರಾವತಿ ಕರ್ವೆ ಗೊತ್ತಲ್ಲ? ಪುಣೆಯ ಡೆಕ್ಕನ್ ಕಾಲೇಜಿನ ದೊಡ್ಡ ಹೆಸರು. ಬರ್ಮಾದ ಇರಾವತಿ ನದಿಯ ಹೆಸರನ್ನೇ ಅವರಿಗೆ ಇಟ್ಟಿದ್ದರು. ಅವರು ಡಾಕ್ಟರೇಟಿಗೆ ಬರ್ಲಿನ್ನಿಗೆ ಹೋದರು. ಅಲ್ಲಿ ಗುರು ಯೂಜೆನ್ ಫಿಶರ್. ಬಿಳಿಯರ ತಲೆಬುರುಡೆಯ ಆಕಾರದಲ್ಲೇ ಮೇಲುಗೈ ಇದೆ ಎಂದು ನಂಬಿದ್ದವರು. 149 ಬುರುಡೆಗಳನ್ನು ಕೊಟ್ಟು ಅಳೆಯಲು ಹೇಳಿದರು. ಇರಾವತಿ ಅಳೆದರು. ಫಲಿತಾಂಶ? ಅಂಥದ್ದು ಏನೂ ಇಲ್ಲ ಎಂದು ಬರೆದುಕೊಟ್ಟರು! ಗುರುವಿನ ಮುಖಕ್ಕೇ! ಪರದೇಶದ ಗುರುವಿನ ಜೊತೆ ಕೆಲಸ ಮಾಡುವುದು ಅಂದರೆ ತಲೆ ಆಡಿಸುವುದಲ್ಲ ಎಂದು ಆಗಲೇ ತೋರಿಸಿದ ಹೆಣ್ಣುಮಗಳು ಅವರು.

ಪುಣೆಯ ಇನ್ನೊಬ್ಬರು ಆನಂದ ಪರಾಂಜಪೆ. ಇಲ್ಲಿ ಜಾತಿ ಮತ್ತು ಪೂರ್ವಗ್ರಹದ ಬಗ್ಗೆ ಸಂಶೋಧನೆ ಮಾಡಿದವರು ಹಾರ್ವರ್ಡಿಗೆ ಹೋಗಿ ಎರಿಕ್ ಎರಿಕ್ಸನ್ ಬಳಿ ಕಲಿತರು. ಆಮೇಲೆ ಕೆನಡಾದ ಸೈಮನ್ ಫ್ರೇಜರ್ ವಿಶ್ವವಿದ್ಯಾಲಯ. ‘ನಾನು ಯಾರು’ ಎಂಬ ಪ್ರಶ್ನೆಗೆ ವೇದಾಂತದ ಉತ್ತರವನ್ನೂ ಪಶ್ಚಿಮದ ಉತ್ತರವನ್ನೂ ಅಕ್ಕಪಕ್ಕ ಇಟ್ಟು ಜೀವನವಿಡೀ ಬರೆದರು!

ಆ ಎರಿಕ್ಸನ್ ಸಹ ನಮ್ಮ ದೇಶಕ್ಕೆ ಬಂದು ಮನಸೋತವರೇ. 1918ರ ಅಹಮದಾಬಾದ್ ಗಿರಣಿ ಮುಷ್ಕರದ ಸುತ್ತ ಗಾಂಧೀಜಿಯ ವ್ಯಕ್ತಿತ್ವವನ್ನು ಹುಡುಕಿದರು. 1969ರಲ್ಲಿ ಪುಸ್ತಕ ಬಂತು. ಮರುವರ್ಷ ಪುಲಿಟ್ಜರ್ ಪ್ರಶಸ್ತಿ!

ಸದಾಶಿವ ಪೇಠೆಯ ಜ್ಞಾನ ಪ್ರಬೋಧಿನಿ ನೋಡಿದ್ದೀರಾ? 1962ರಲ್ಲಿ ಅಪ್ಪಾ ಪೆಂಡ್ಸೆ ಕಟ್ಟಿದ ಸಂಸ್ಥೆ. ಪ್ರತಿಭೆಯ ಮಕ್ಕಳನ್ನು ಗುರುತಿಸಲು ಅಲ್ಲಿನ ಮನೋವಿಜ್ಞಾನಿಗಳು ಹಿಡಿದದ್ದು ಅಮೆರಿಕದ ಜೆ. ಪಿ. ಗಿಲ್ಫರ್ಡ್ ಅವರ ಮಾದರಿಯನ್ನು. ಬುದ್ಧಿ ಒಂದಲ್ಲ, 120 ಬಗೆ ಎಂದ ಮನುಷ್ಯ ಗಿಲ್ಫರ್ಡ್! ಮೈಸೂರಿಗೆ ಬಂದದ್ದು ‘ಒಂದೇ’ ಎಂದ ಸ್ಪಿಯರ್‌ಮನ್ ಶಿಷ್ಯರು, ಪುಣೆಗೆ ಬಂದದ್ದು ‘120’ ಎಂದವರ ಪರೀಕ್ಷೆ!

ವ್ಯಕ್ತಿತ್ವದ ಐದು ಮುಖ್ಯ ಗುಣಗಳನ್ನು ಅಳೆಯುವ ಒಂದು ಪ್ರಸಿದ್ಧ ಪ್ರಶ್ನಾವಳಿ ಇದೆ. 240 ವಾಕ್ಯಗಳು! ಅದು ಮರಾಠಿಯಲ್ಲೂ ಇದೆ ಗೊತ್ತೇ? ಲೋಧಿ, ದೇವ್, ಬೇಳ್ಹೇಕರ್ ಎಂಬ ಮೂವರು ಮಾಡಿದ ಕೆಲಸ. 2002ರಲ್ಲಿ ಅಮೆರಿಕದ ರಾಬರ್ಟ್ ಮೆಕ್‌ಕ್ರೇ ಮತ್ತು ಎಸ್ಟೋನಿಯದ ಯೂರಿ ಆಲಿಕ್ ಸೇರಿ ತಂದ ಗ್ರಂಥದಲ್ಲಿ ಅವರ ಅಧ್ಯಾಯ ಬಂತು. ಹಲವು ದೇಶ, ಹಲವು ಭಾಷೆ, ಅವುಗಳ ನಡುವೆ ನಮ್ಮ ಪಕ್ಕದ ಮನೆಯ ಮರಾಠಿ!

ಈಗ ನನಗೆ ಅತ್ಯಂತ ಪ್ರಿಯವಾದದ್ದು. 1934ರ ಜನವರಿ 15, ಬಿಹಾರದಲ್ಲಿ ಭಯಂಕರ ಭೂಕಂಪ. ಪಟ್ನಾದ ಜಮುನಾ ಪ್ರಸಾದ್ ಆಗ ಹಬ್ಬಿದ ಗಾಳಿಸುದ್ದಿಗಳನ್ನು ಒಂದೊಂದಾಗಿ ಕೂಡಿಹಾಕಿ ಬರೆದರು. ನೆಲ ನಡುಗಿದ್ದೇನೋ ನಿಜ, ಆದರೆ ಏನೂ ಹಾಳಾಗದ ಜಾಗಗಳಲ್ಲಿ ಎಂಥ ಸುದ್ದಿ ಹಬ್ಬಿತು? ಸಮಾಧಾನದ ಸುದ್ದಿಯೇ? ಅಲ್ಲ! ಇನ್ನೂ ದೊಡ್ಡ ಅನಾಹುತ ಬರಲಿದೆ ಎಂಬ ಸುದ್ದಿ!

ಹದಿನೈದು–ಇಪ್ಪತ್ತು ವರ್ಷಗಳ ನಂತರ ಈ ಬರಹ ಅಮೆರಿಕದ ಲಿಯೋನ್ ಫೆಸ್ಟಿಂಗರ್ ಕೈಗೆ ಬಿತ್ತು. ಹೆದರಿದವರು ಇನ್ನೂ ಹೆದರಿಸುವ ಸುದ್ದಿಯನ್ನೇ ಯಾಕೆ ನಂಬುತ್ತಾರೆ? ಅವರಿಗೆ ಹೊಳೆಯಿತು. ಎದೆಯಲ್ಲಿ ಭಯ ಇದೆ, ಕಣ್ಣೆದುರು ಕಾರಣ ಇಲ್ಲ. ಎರಡೂ ಹೊಂದುವುದಿಲ್ಲ. ಆಗ ಮನಸ್ಸು ಭಯಕ್ಕೆ ತಕ್ಕ ಕಾರಣ ಹುಟ್ಟಿಸಿಕೊಳ್ಳುತ್ತದೆ! 1957ರಲ್ಲಿ ಅವರು ಬರೆದ ‘ಅರಿವಿನ ಅಸಂಗತತೆ’ಯ ಸಿದ್ಧಾಂತ ಸಾಮಾಜಿಕ ಮನೋವಿಜ್ಞಾನದಲ್ಲೇ ಬಹಳ ಹೆಸರಾದದ್ದು. ಅದರ ಮೊದಲ ಕಿಡಿ ಬಿಹಾರದ ಗಾಳಿಸುದ್ದಿ!

ಸಾಕ್ಷಿ ಬೇಕಲ್ಲ? ಅದೂ ನಮ್ಮಲ್ಲೇ ಸಿಕ್ಕಿತು! ದುರ್ಗಾನಂದ ಸಿನ್ಹಾ ಡಾರ್ಜಿಲಿಂಗಿನ ಭೂಕುಸಿತದ ಸುದ್ದಿಗಳನ್ನು ಅಭ್ಯಾಸ ಮಾಡಿ 1952ರಲ್ಲಿ ಪ್ರಕಟಿಸಿದ್ದರು. ಅಲ್ಲಿ ಅನಾಹುತ ಕಣ್ಣಾರೆ ಕಾಣುತ್ತಿತ್ತು. ಹಾಗಾಗಿ ಮುಂದೆ ಇನ್ನೂ ಭಯಂಕರವಾದದ್ದು ಬರಲಿದೆ ಎಂಬ ಸುದ್ದಿ ಹುಟ್ಟಲೇ ಇಲ್ಲ. ಭಯಕ್ಕೆ ಕಾರಣ ಎದುರಿಗೇ ಇತ್ತಲ್ಲ! ಮುಂದೆ ಇದೇ ಸಿನ್ಹಾ 1972ರಲ್ಲಿ ಹುಟ್ಟಿದ ಅಂತರ-ಸಂಸ್ಕೃತಿ ಮನೋವಿಜ್ಞಾನದ ಅಂತರರಾಷ್ಟ್ರೀಯ ಸಂಘಕ್ಕೆ ಅಧ್ಯಕ್ಷರೂ ಆದರು.

ಸ್ವಾತಂತ್ರ್ಯ ಬಂದ ಹೊಸತು. ದೇಶ ಒಡೆದ ಗಾಯ ಹಸಿ. 1950ರಲ್ಲಿ ಯುನೆಸ್ಕೊ ಮೂಲಕ ಅಮೆರಿಕದ ಗಾರ್ಡ್‌ನರ್ ಮರ್ಫಿ ಭಾರತಕ್ಕೆ ಬಂದರು. ಕೋಮು ದ್ವೇಷ ಮನಸ್ಸಿನಲ್ಲಿ ಹೇಗೆ ಬೇರು ಬಿಡುತ್ತದೆ ಎಂದು ಭಾರತೀಯ ವಿದ್ವಾಂಸರ ತಂಡಗಳು ಬೇರೆ ಬೇರೆ ಊರುಗಳಲ್ಲಿ ಮನೆ ಬಾಗಿಲಿಗೆ ಹೋಗಿ ಕೇಳಿದವು. ಗಲಭೆ, ವಲಸೆ, ಸಿಟ್ಟು ಎಲ್ಲದರ ನಡುವೆ ಪ್ರಶ್ನಾವಳಿ ಹಿಡಿದು ನಿಂತ ಆ ಸಂಶೋಧಕರ ಧೈರ್ಯಕ್ಕೆ ಏನೆನ್ನಬೇಕು!

ಸಾಧಿಸುವ ಹಂಬಲವನ್ನು ಕಲಿಸಬಹುದೇ? ಹಾರ್ವರ್ಡಿನ ಡೇವಿಡ್ ಮೆಕ್‌ಲೆಲೆಂಡ್ ಕಲಿಸಬಹುದು ಎಂದರು. 1964ರ ಸುಮಾರಿಗೆ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಹೈದರಾಬಾದಿನಲ್ಲಿ ಕೆಲವು ದಿನಗಳ ತರಬೇತಿ. ಚಿತ್ರ ನೋಡಿ ಕಥೆ ಕಟ್ಟುವುದು, ಗುರಿ ಬರೆಯುವುದು. ಊರಿಗೆ ಹೋದ ಮೇಲೆ ತರಬೇತಿ ಪಡೆದವರು ಉಳಿದವರಿಗಿಂತ ಹೆಚ್ಚು ಹೊಸ ಉದ್ಯಮ ಶುರು ಮಾಡಿದರು!

ಕಬ್ಬಿನ ಸೀಮೆಯಿಂದ ಬಂದವರು ಇದನ್ನು ಓದಲೇಬೇಕು. ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರು. ಕಟಾವಿಗೆ ಮುಂಚೆ ಕೈ ಖಾಲಿ, ಕಟಾವಿನ ನಂತರ ಕೈಯಲ್ಲಿ ದುಡ್ಡು. ಎರಡೂ ಹೊತ್ತಿನಲ್ಲಿ ಅದೇ ರೈತರಿಗೆ ಬುದ್ಧಿಯ ಪರೀಕ್ಷೆ ಕೊಟ್ಟರು. ದುಡ್ಡು ಬಂದ ಮೇಲೆ ಅಂಕ ಏರಿತು! ಮನುಷ್ಯ ಅದೇ, ತಲೆ ಅದೇ. ಹಣದ ಚಿಂತೆಯೇ ತಲೆಯ ಜಾಗ ಹಿಡಿದಿತ್ತು ಎಂದು ಆನಂದಿ ಮಣಿ ಮತ್ತು ಜೊತೆಗಾರರು 2013ರಲ್ಲಿ ಬರೆದರು. ಬಡವರಿಗೆ ಬುದ್ಧಿ ಕಡಿಮೆ ಎನ್ನುವವರ ಮುಂದೆ ಇದನ್ನು ಓದಿ ಹೇಳಿ.

ಭರತನ ನಾಟ್ಯಶಾಸ್ತ್ರ ಅಮೆರಿಕದವರಿಗೆ ಅರ್ಥವಾಗುತ್ತದೆಯೇ? ನೃತ್ಯ ಬಲ್ಲ ಸಂಶೋಧಕಿ ಅಹಲ್ಯಾ ಹೆಜ್ಮಾಡಿ ನವರಸಗಳ ಜೊತೆಗೆ ಲಜ್ಜೆಯನ್ನೂ ಸೇರಿಸಿ ಹತ್ತು ಭಾವ ತೋರಿಸಿದರು. ಅಮೆರಿಕದ ಪಾಲ್ ರೋಜಿನ್ ಮತ್ತಿತರರ ಜೊತೆ 2000ದಲ್ಲಿ ಪ್ರಕಟವಾದ ಕೆಲಸ ಇದು. ನಾಟ್ಯದ ಗಂಧವೇ ಇಲ್ಲದ ಅಮೆರಿಕದವರೂ ಬಹುತೇಕ ಭಾವಗಳನ್ನು ಗುರುತು ಹಿಡಿದರು! ಎರಡು ಸಾವಿರ ವರ್ಷ ಹಳೆಯ ಅಭಿನಯ, ಸಾಗರದ ಆಚೆಗೂ ತಲುಪಿತು!

ಎಂಜಲು ಅಂದರೆ ನಮ್ಮ ಮಕ್ಕಳಿಗೆ ಎಷ್ಟು ಬೇಗ ಗೊತ್ತಾಗುತ್ತದೆ? ಹೆಜ್ಮಾಡಿ, ರೋಜಿನ್ ಮತ್ತು ಮೈಕೆಲ್ ಸೀಗಲ್ 2004ರಲ್ಲಿ ಅದನ್ನೂ ನೋಡಿದರು. ನಾಲ್ಕೈದು ವರ್ಷದ ಮತ್ತು ಎಂಟು ವರ್ಷದ ಮಕ್ಕಳು. ಒಮ್ಮೆ ಮೈಲಿಗೆಯಾದ ಪಾನೀಯ ಮತ್ತೆ ಶುದ್ಧವಾಗುವುದು ಕಷ್ಟ ಎಂದು ಭಾರತದ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಗಟ್ಟಿಯಾಗಿ ಹೇಳಿದರು!

ಮದುವೆ ವಿಷಯ. ಅಮೆರಿಕದ ಝಿಕ್ ರೂಬಿನ್ ಪ್ರೀತಿ ಅಳೆಯಲು ಒಂದು ಅಳತೆಪಟ್ಟಿ ಮಾಡಿದ್ದರು. ಜೈಪುರದ ಇಬ್ಬರು ಸಂಶೋಧಕಿಯರು 1982ರಲ್ಲಿ ಅದನ್ನು 50 ಜೋಡಿಗಳ ಮೇಲೆ ಇಟ್ಟು ನೋಡಿದರು. ಪ್ರೇಮ ವಿವಾಹದವರ ಅಂಕ ಮೊದಲು ಮೇಲಿತ್ತು. ಐದು ವರ್ಷ ಕಳೆದ ಮೇಲೆ ಹಿರಿಯರು ಕೂಡಿಸಿದ ಮದುವೆಯವರು ಮುಂದೆ! ಆದರೆ 50 ಜೋಡಿ ಬಹಳ ಕಡಿಮೆ. ಆಮೇಲಿನ ಅಧ್ಯಯನಗಳಲ್ಲಿ ಎರಡೂ ಬಗೆಯ ದಂಪತಿಗಳು ಸಮಸಮ ಕಂಡದ್ದೂ ಇದೆ. ಇದನ್ನು ಹಿಡಿದು ಮನೆಯಲ್ಲಿ ವಾದಕ್ಕೆ ಇಳಿಯಬೇಡಿ.

ಮದುವೆಗೆ ಸಂಗಾತಿ ಹೇಗಿರಬೇಕು? ಡೇವಿಡ್ ಬಸ್ ಮತ್ತು ದೇಶ ದೇಶಗಳ ಜೊತೆಗಾರರು 37 ಸಂಸ್ಕೃತಿಗಳ 10,047 ಮಂದಿಯನ್ನು ಕೇಳಿದರು. ಭಾರತವೂ ಅದರಲ್ಲಿತ್ತು. 1989ರ ಆ ಫಲಿತಾಂಶದಲ್ಲಿ ಗಂಡು ಹೆಣ್ಣು ಇಬ್ಬರೂ ಎಲ್ಲ ಕಡೆ ಮೇಲೆ ಇಟ್ಟ ಗುಣಗಳು ಯಾವುವು? ಕರುಣೆ ಮತ್ತು ಬುದ್ಧಿ!

ಸಮಾನ ಅಭಿಪ್ರಾಯದವರು ನಮಗೆ ಇಷ್ಟವಾಗುತ್ತಾರೆ ಎಂದು ಡಾನ್ ಬರ್ನ್ ಅಮೆರಿಕದಲ್ಲಿ ತೋರಿಸಿದ್ದರು. ಅವರ ಶಿಷ್ಯ ರಾಮಾಧಾರ್ ಸಿಂಗ್ ಅಹಮದಾಬಾದ್, ಸಿಂಗಪುರ ಸುತ್ತಿ ನಮ್ಮ ಬೆಂಗಳೂರಿನ ಐಐಎಂಗೂ ಬಂದವರು. ಅವರು ಕಂಡದ್ದು? ಒಪ್ಪುವ ಮಾತು ಹತ್ತಿರ ತರುವುದಕ್ಕಿಂತ ಒಪ್ಪದ ಮಾತು ದೂರ ತಳ್ಳುವುದೇ ಜೋರು!

ಪರದೇಶದವರು ಬೀದಿಯಲ್ಲಿ ಬೇಕೆಂದೇ ಪೆನ್ನು ಬೀಳಿಸಿದ್ದೂ ಉಂಟು! ರಾಬರ್ಟ್ ಲೆವೀನ್ ತಂಡ 23 ದೇಶಗಳ 23 ನಗರಗಳಲ್ಲಿ ಪೆನ್ನು ಬೀಳಿಸಿತು, ಕುಂಟುತ್ತಾ ಪತ್ರಿಕೆಗಳನ್ನು ಚೆಲ್ಲಿತು, ಕುರುಡರಂತೆ ರಸ್ತೆ ದಾಟಲು ನಿಂತಿತು. ಯಾರು ಓಡಿ ಬಂದರು? ಬ್ರೆಜಿಲ್ಲಿನ ರಿಯೊ ಮೊದಲು, ಶೇ. 93. ಕೊನೆಗೆ ಕ್ವಾಲಾಲಂಪುರ, ಶೇ. 40. ಇಷ್ಟು ಗಜಿಬಿಜಿಯ ನಮ್ಮ ಕಲ್ಕತ್ತೆ? ನಾಲ್ಕನೆಯ ಸ್ಥಾನ! ನ್ಯೂಯಾರ್ಕ್ ಕೆಳಗಿನಿಂದ ಎರಡನೆಯದು!

ಇನ್ನೊಂದು ಇದಕ್ಕಿಂತ ಜೋರು. 40 ದೇಶ, 355 ಊರು, 17,303 ಪರ್ಸುಗಳು! ಭಾರತವೂ ಸೇರಿತ್ತು. ಬ್ಯಾಂಕು, ಥಿಯೇಟರು, ಹೋಟೆಲು, ಪೊಲೀಸ್ ಠಾಣೆಗಳ ಕೌಂಟರಿನಲ್ಲಿ ‘ಬೀದಿಯಲ್ಲಿ ಸಿಕ್ಕಿತು’ ಎಂದು ಸಂಶೋಧಕರ ಕಡೆಯವರು ಕೊಟ್ಟು ಹೋದರು. ಒಳಗೆ ಬೀಗದ ಕೈ, ಸಾಮಾನು ಚೀಟಿ, ಮಾಲೀಕನ ಕಾರ್ಡು. ಕೆಲವದರಲ್ಲಿ ದುಡ್ಡು, ಕೆಲವದರಲ್ಲಿ ಇಲ್ಲ. ಯಾವುದು ಹೆಚ್ಚು ವಾಪಸ್ ಬರುತ್ತದೆ? ಬಾಲಾಜಿನಗರದ ಯಾವ ಅಂಗಡಿಯವರನ್ನು ಕೇಳಿದರೂ ದುಡ್ಡಿಲ್ಲದ್ದು ಎನ್ನಬಹುದು. ಇಲ್ಲ! ದುಡ್ಡಿಲ್ಲದ ಪರ್ಸಿನ ಬಗ್ಗೆ ಶೇ. 40 ಮಂದಿ ಮಾಲೀಕನಿಗೆ ಸುದ್ದಿ ಕಳಿಸಿದರು, ದುಡ್ಡಿದ್ದದ್ದಕ್ಕೆ ಶೇ. 51! 40ರಲ್ಲಿ 38 ದೇಶಗಳಲ್ಲಿ ಹೀಗೇ. ಕೆಲವು ದೇಶಗಳಲ್ಲಿ ದೊಡ್ಡ ಮೊತ್ತ ಇಟ್ಟರೆ ಇನ್ನೂ ಹೆಚ್ಚು, ಶೇ. 72! ತಾನು ಕಳ್ಳ ಎಂದು ತನಗೇ ಅನ್ನಿಸುವುದು ಯಾರಿಗೂ ಬೇಡ ಎಂಬುದು 2019ರಲ್ಲಿ ಬಂದ ಆ ಸಂಶೋಧಕರ ಬರಹದ ವಿವರಣೆ. ನನಗಂತೂ ಇದನ್ನು ಓದಿ ಮನುಷ್ಯಜಾತಿಯ ಮೇಲೆ ಪ್ರೀತಿ ಉಕ್ಕಿತು!

ಇಷ್ಟೆಲ್ಲ ಇದ್ದರೂ ಲೆಕ್ಕ ಎಷ್ಟು ಓರೆ ಗೊತ್ತೇ? ಅಮೆರಿಕದ ಆರು ದೊಡ್ಡ ಮನೋವಿಜ್ಞಾನ ಪತ್ರಿಕೆಗಳನ್ನು ಜೆಫ್ರಿ ಆರ್ನೆಟ್ 2008ರಲ್ಲಿ ಜಾಲಾಡಿದರು. ಪ್ರಯೋಗಕ್ಕೆ ಒಳಗಾದವರಲ್ಲಿ ಶೇ. 96 ಮಂದಿ ಪಶ್ಚಿಮದ ಮುಂದುವರಿದ ದೇಶಗಳವರು. ಆ ದೇಶಗಳಲ್ಲಿರುವುದು ಲೋಕದ ಜನರಲ್ಲಿ ಶೇ. 12 ಮಾತ್ರ! ಮೈಸೂರು, ಕೋಟ, ಪಟ್ನಾ ಯಾಕೆ ಬಂಗಾರ ಎಂದು ಈಗ ತಿಳಿಯಿತೇ?

ಹಳೆಯ ಪ್ರಯೋಗಗಳನ್ನು ಲೋಕವೆಲ್ಲ ಸೇರಿ ಮತ್ತೆ ಮಾಡಿದರೆ? 2018ರಲ್ಲಿ ಹಾಗೇ ಆಯಿತು. 28 ಹೆಸರಾಂತ ಫಲಿತಾಂಶ, 36 ದೇಶ–ಪ್ರದೇಶ, 15,305 ಜನ. ಅರ್ಧದಷ್ಟು ಮಾತ್ರ ನಿಂತವು! ಇನ್ನೂ ಸೋಜಿಗ, ಬಿದ್ದವು ಹೆಚ್ಚಾಗಿ ಎಲ್ಲ ಕಡೆಯೂ ಬಿದ್ದವು. ಜಾಗ ಬದಲಾದದ್ದರಿಂದ ಬಿದ್ದವು ಎನ್ನುವ ಹಾಗಿರಲಿಲ್ಲ.

2017ರಲ್ಲಿ ಅಮೆರಿಕದ ಓಹಾಯೊದ ಆಶ್‌ಲ್ಯಾಂಡ್ ಎಂಬ ಸಣ್ಣ ಊರಿನ ಮೇಷ್ಟ್ರು ಕ್ರಿಸ್ ಚಾರ್ಟಿಯರ್ ಒಂದು ಕರೆ ಕೊಟ್ಟರು. ಲೋಕದ ಮನೋವಿಜ್ಞಾನ ಪ್ರಯೋಗಾಲಯಗಳೆಲ್ಲ ಒಂದಾಗಿ ಒಂದೇ ಪ್ರಯೋಗ ಮಾಡೋಣ ಬನ್ನಿ! ಹುಟ್ಟಿತು ಸೈಕಲಾಜಿಕಲ್ ಸೈನ್ಸ್ ಆಕ್ಸಿಲರೇಟರ್. ಮೊದಲ ಕೆಲಸವೇ ಮುಖ ನೋಡಿ ಮನುಷ್ಯರನ್ನು ಅಳೆಯುವುದು. 41 ದೇಶ, 11 ಪ್ರಾಂತ, 11,570 ಜನ! ನಂಬಬಹುದೇ, ಬಲಶಾಲಿಯೇ ಎಂಬ ಎರಡು ಲೆಕ್ಕದಲ್ಲೇ ಮುಖ ಓದುತ್ತೇವೆ ಎಂಬ ಹಳೆಯ ಮಾತು, ಹಳೆಯ ವಿಧಾನದಲ್ಲಿ ಬಹುತೇಕ ಕಡೆ ನಿಂತಿತು. ಹೊಸ ವಿಧಾನದಲ್ಲಿ ಲೆಕ್ಕ ಹಾಕಿದಾಗ ಪ್ರಾಂತಗಳ ನಡುವೆ ವ್ಯತ್ಯಾಸ ಕಂಡಿತು!

ಆ ಅಂಕಿಅಂಶಗಳು ಬೀಗ ಹಾಕಿದ ಬೀರುವಿನಲ್ಲಿ ಇಲ್ಲ. ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿವೆ. ಭಾರತಿ ವಿದ್ಯಾಪೀಠದ ಹಾಸ್ಟೆಲ್ಲಿನಲ್ಲಿ ಕೂತ ವಿದ್ಯಾರ್ಥಿನಿಯೂ ಅವನ್ನು ಇಳಿಸಿಕೊಂಡು, ಯಾರ ಅಪ್ಪಣೆಯೂ ಇಲ್ಲದೆ, ಇವತ್ತು ರಾತ್ರಿಯೇ ಸ್ವಂತ ಲೆಕ್ಕ ಶುರು ಮಾಡಬಹುದು!